ಲೆಕ್ಕದ ಅಕ್ಕೋರು: ಎಷ್ಟಕ್ಕೆ ಎಷ್ಟು?

ತೊಗರಿ ಹೂ ಉದುರಿ ಕಾಯಿ ಕಟ್ಟುವ ಹೊತ್ತಿಗೆ ನಮ್ಮ ತಂದೆ ಒಂದು ಸಂಜೆ ಹೊಲವೆಲ್ಲ ಸುತ್ತಿ ಬರುತ್ತಿದ್ದರು. ಕಾಲು ತೊಳೆದು ಕಟ್ಟೆಯ ಮೇಲೆ ಕೂತು, "ಈ ಸಲ ಹತ್ತಾಣೆ ಬೆಳೆ" ಅನ್ನುತ್ತಿದ್ದರು. ಹಳೆಯ ರೂಪಾಯಿಗೆ ಹದಿನಾರು ಆಣೆ, ಹಾಗಾಗಿ ಹದಿನಾರಾಣೆ ಅಂದರೆ ತುಂಬು ಬೆಳೆ. ಎಂಟಾಣೆ ಅಂದರೆ ಅರ್ಧ. ಸಾಲ ತೀರಿಸುವುದು, ಬಟ್ಟೆ ತರುವುದು, ಅಕ್ಕನ ಮದುವೆ ಮಾಡುವುದು, ಎಲ್ಲ ಆ ಒಂದು ಮಾತಿನ ಮೇಲೆ ನಿಂತಿರುತ್ತಿತ್ತು. 1957ರಲ್ಲಿ ನಯಾ ಪೈಸೆ ಬಂದು ಆಣೆ ಹೋಯಿತು. ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಬೆಳೆಯ ಮಾತಿನಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.

ಈ ತಿಂಗಳು ಬಂದ ಪತ್ರಗಳೆಲ್ಲ ಅದೇ ಕಟ್ಟೆಯ ಮಾತನ್ನೇ ಕೇಳುತ್ತಿವೆ. ಹಿಂದೆ ಇಷ್ಟಕ್ಕೆ ಇಷ್ಟು ಆಗಿತ್ತು, ಮುಂದೆ ಎಷ್ಟಾಗುತ್ತದೆ? 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಇದಕ್ಕಿಂತ ಇಷ್ಟದ ಪ್ರಶ್ನೆ ನನಗೆ ಇನ್ನೊಂದಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಅಕ್ಕೋರೆ, ನಮ್ಮ ಹೊಲದ್ದೇ ತೊಗರಿ ಬೀಜಕ್ಕೆ ಎತ್ತಿಟ್ಟಿದ್ದೆ. ಬಿತ್ತುವ ಮೊದಲು 20 ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದೆ. 17 ಮೊಳಕೆ ಒಡೆದವು. ಅಂದರೆ ನೂರಕ್ಕೆ 85 ಆಯ್ತಲ್ಲ? ಎಕರೆಗೆ ಐದು ಕೆಜಿ ಬಿತ್ತಿದರೆ ಸಾಕಾ?
— ಒಬ್ಬ ರೈತ, ಜೇವರ್ಗಿ ತಾಲ್ಲೂಕು

ಉತ್ತರ: ಬಿತ್ತುವ ಮೊದಲು ಬೀಜವನ್ನು ಪರೀಕ್ಷೆ ಮಾಡಿದಿರಲ್ಲ, ಓದಿ ನನಗೆ ತುಂಬಾ ಖುಷಿಯಾಯಿತು. ಎಷ್ಟೋ ಜನ ಚೀಲ ಬಿಚ್ಚಿ ನೇರ ಕೂರಿಗೆಗೆ ಸುರಿಯುತ್ತಾರೆ.

ಒಂದೇ ಮಾತು ತಿದ್ದುತ್ತೇನೆ. "ನೂರಕ್ಕೆ 85" ಅನ್ನಬೇಡಿ. "ಇಪ್ಪತ್ತಕ್ಕೆ 17" ಅನ್ನಿ. ನೂರಕ್ಕೆ 85 ಅಂದ ಕೂಡಲೇ ನೂರು ಕಾಳು ನೋಡಿದ ಹಾಗೆ ಕೇಳಿಸುತ್ತದೆ. ನೀವು ನೋಡಿದ್ದು ಇಪ್ಪತ್ತೇ.

ಇದರಿಂದ ಏನು ವ್ಯತ್ಯಾಸ ಅಂತ ಕೇಳಬಹುದು. ನಿಮ್ಮ ಪತ್ರ ಬಂದ ಮೇಲೆ ನಾನೇ ಮಾಡಿ ನೋಡಿದೆ. ತಮ್ಮನ ಮನೆಯಿಂದ ಒಂದು ಸೇರು ತೊಗರಿ ತರಿಸಿದೆ. ಒಂದೇ ಚೀಲದ್ದು. ಕಣ್ಣು ಮುಚ್ಚಿ ಇಪ್ಪತ್ತಿಪ್ಪತ್ತು ಕಾಳು ತೆಗೆದು, ಹಳೆಯ ಧೋತರ ಹರಿದು ಐದು ಗಂಟು ಕಟ್ಟಿದೆ. ದಿನಕ್ಕೆರಡು ಸಲ ನೀರು ಚಿಮುಕಿಸಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಆರನೇ ದಿನ ಬೆಳಗ್ಗೆ ಒಂದೊಂದೇ ಬಿಚ್ಚಿದೆ. ಮೊದಲ ಗಂಟಿನಲ್ಲಿ 17. ಎರಡನೆಯದರಲ್ಲಿ 14. ಆಮೇಲೆ 18, 16, 19. ಹುಟ್ಟಿದ ಕಾಳಿನ ಬಿಳಿ ಬೇರು ಬಟ್ಟೆಯ ನೂಲಿನೊಳಗೆ ನುಗ್ಗಿತ್ತು, ಎಳೆದರೆ ಮುರಿಯುವಷ್ಟು. ಹುಟ್ಟದ್ದು ಉಬ್ಬಿ ಸುಮ್ನೆ ಕೂತಿತ್ತು. ನಾಲ್ಕೈದಕ್ಕೆ ಬೂದು ಬೂಸ್ಟು ಬಂದಿತ್ತು.

ನೋಡಿ, ಚೀಲ ಒಂದೇ, ನೀರು ಒಂದೇ, ಮೂಲೆ ಒಂದೇ. ಆದರೂ ಒಂದು ಗಂಟು ನೂರಕ್ಕೆ 70 ಅನ್ನುತ್ತದೆ, ಇನ್ನೊಂದು 95 ಅನ್ನುತ್ತದೆ. ಯಾವುದೂ ಸುಳ್ಳಲ್ಲ. ಕೈಗೆ ಬಂದ ಇಪ್ಪತ್ತು ಕಾಳಿನ ಅದೃಷ್ಟ ಅಷ್ಟೇ. ಐದೂ ಗಂಟು ಕೂಡಿಸಿದರೆ ನೂರಕ್ಕೆ 84. ಈಗ ಇದನ್ನು ನಂಬಬಹುದು.

ಎಷ್ಟು ನಂಬಬಹುದು? ಅದಕ್ಕೂ ಲೆಕ್ಕ ಇದೆ, ನೂರಕ್ಕೆ 95 ಸಲ ಸರಿಯಾಗುವಂಥದ್ದು. 20ರಲ್ಲಿ 17 ಹುಟ್ಟಿದರೆ, ಚೀಲದ ನಿಜವಾದ ಪ್ರಮಾಣ ನೂರಕ್ಕೆ 64ರಿಂದ 95ರವರೆಗೆ ಎಲ್ಲಿ ಬೇಕಾದರೂ ಇರಬಹುದು. 100ರಲ್ಲಿ 84 ಹುಟ್ಟಿದರೆ ಅದು 76ರಿಂದ 90ರ ಒಳಗೆ ಬರುತ್ತದೆ. 400ರಲ್ಲಿ 336 ಹುಟ್ಟಿದರೆ 80ರಿಂದ 87. ಇಲ್ಲಿ ಒಂದು ಸ್ವಾರಸ್ಯ ಇದೆ. ಅನುಮಾನ ಅರ್ಧ ಆಗಬೇಕು ಅಂದರೆ ಕಾಳು ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಬೇಕು. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ನೂರು ನೂರರ ನಾಲ್ಕು ಪಾಲು, ಒಟ್ಟು 400 ಕಾಳು ಇಡುತ್ತಾರೆ. ಸುಮ್ನೆ ಅಲ್ಲ.

ಈಗ ನಿಮ್ಮ ಎಕರೆಗೆ ಬರೋಣ. ನೂರು ತೊಗರಿ ಕಾಳಿನ ತೂಕ ಸುಮಾರು 10 ಗ್ರಾಂ. ಐದು ಕೆಜಿ ಅಂದರೆ ಸುಮಾರು 50,000 ಕಾಳು. ನೂರಕ್ಕೆ 84ರಂತೆ ಹುಟ್ಟಿದರೆ 42,000 ಸಸಿ. ನೂರಕ್ಕೆ 64 ಆಗಿದ್ದರೆ 32,000. ಹತ್ತು ಸಾವಿರ ಸಸಿ ಕಡಿಮೆ! ಇಪ್ಪತ್ತು ಕಾಳು ನೋಡಿ ಹೊರಟರೆ ಈ ಎರಡರಲ್ಲಿ ಯಾವ ಕಡೆ ಇದ್ದೀರಿ ಅಂತ ಹೇಳಲು ಬರುವುದಿಲ್ಲ. ಆದ್ದರಿಂದ ಇನ್ನೂ 80 ಕಾಳು ಇಟ್ಟು ನೋಡಿ, ಒಂದು ವಾರದ ಮಾತು. ನೂರಕ್ಕೆ 70 ಮಾತ್ರ ಹುಟ್ಟಿದರೆ ಹೆದರಬೇಕಿಲ್ಲ. 84ಕ್ಕೆ ಐದು ಕೆಜಿ ಸಾಕಾಗಿದ್ದರೆ 70ಕ್ಕೆ ಐದನ್ನು 84ರಿಂದ ಗುಣಿಸಿ 70ರಿಂದ ಭಾಗಿಸಿ. ಆರು ಕೆಜಿ. ಹುಟ್ಟುವುದು ಕಡಿಮೆಯಾದಷ್ಟೂ ಬೀಜ ಜಾಸ್ತಿ ಬೇಕು, ಇದು ತಿರುಗುಮುರುಗು ಅನುಪಾತ. ಪ್ರಮಾಣಿತ ತೊಗರಿ ಬೀಜಕ್ಕೆ ನೂರಕ್ಕೆ ಕನಿಷ್ಠ 75 ಹುಟ್ಟಬೇಕು ಅಂತ ನಿಯಮ ಇದೆ. ಅದಕ್ಕಿಂತ ತೀರಾ ಕೆಳಗೆ ಹೋದರೆ ಬೀಜವನ್ನೇ ಬದಲಿಸಿ.

ಇನ್ನೊಂದು ಮಾತು. ಅಡುಗೆಮನೆಯ ಬಟ್ಟೆ ಬೇರೆ, ಎರೆ ಹೊಲ ಬೇರೆ. ಬಿತ್ತಿದ ಮಾರನೇ ದಿನ ಜೋರು ಮಳೆ ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟಿದರೆ ಹುಟ್ಟಿದ ಮೊಳಕೆಯೂ ಮೇಲೆ ಬರುವುದಿಲ್ಲ. ಗಿಡವನ್ನು ಒಣಗಿಸುವ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಕೂತಿರುತ್ತದೆ, ಅದರ ಲೆಕ್ಕ ಆ ಗಂಟಿನಲ್ಲಿಲ್ಲ. ಬಟ್ಟೆಯಲ್ಲಿ ಎಷ್ಟು ಹುಟ್ಟಿತು ಅನ್ನುವುದರ ಪಕ್ಕದಲ್ಲೇ ಹೊಲದಲ್ಲಿ ಎಷ್ಟು ಎದ್ದಿತು ಅಂತಲೂ ಒಂದು ಸಾಲಿನಲ್ಲಿ ಎಣಿಸಿ ಬರೆದಿಡಿ. ಎರಡು ಮೂರು ವರ್ಷ ಬರೆದರೆ ನಿಮ್ಮ ಹೊಲದ್ದೇ ಅನುಪಾತ ಸಿಗುತ್ತದೆ. ಅದನ್ನು ಬೇರೆ ಯಾರೂ ನಿಮಗೆ ಕೊಡಲಾರರು.

ಪ್ರಶ್ನೆ: ಮಿಸ್, ತ್ರೈರಾಶಿಕ ಹಳೆಯ ಕಾಲದ ಲೆಕ್ಕ, ಈಗ ಕಂಪ್ಯೂಟರ್ ಇದೆ ಅಂತ ಅಣ್ಣ ಹೇಳುತ್ತಾನೆ. ಅದನ್ನು ಯಾಕೆ ಕಲಿಯಬೇಕು?
— ಪಿಯುಸಿ ವಿದ್ಯಾರ್ಥಿನಿ, ಸೇಡಂ

ಉತ್ತರ: ಸೇಡಂನಲ್ಲಿ ಕೂತು ಈ ಪ್ರಶ್ನೆ ಕೇಳಿದೆಯಲ್ಲ ಮಗಳೇ! ನಿಮ್ಮ ತಾಲ್ಲೂಕಿನ ಮಳಖೇಡಕ್ಕೆ ಹೋಗಿದ್ದೀಯಾ? ಕಾಗಿಣಾ ದಂಡೆಯ ಆ ಕೋಟೆ ಇರುವ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಅಲ್ಲಿ ಆಳುತ್ತಿದ್ದ. ಅವನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ತ್ರೈರಾಶಿಕಕ್ಕೇ ಒಂದು ಅಧ್ಯಾಯ ಇದೆ.

ತ್ರೈರಾಶಿಕ ಅಂದರೆ ಗೊತ್ತಿರುವ ಮೂರು ರಾಶಿಯಿಂದ ಗೊತ್ತಿಲ್ಲದ ನಾಲ್ಕನೆಯದನ್ನು ತೆಗೆಯುವುದು. ಆ ಮೂರು ರಾಶಿಗೆ ನಮ್ಮ ಹಿರಿಯರು ಇಟ್ಟ ಹೆಸರು ನೋಡು. ಪ್ರಮಾಣ, ಫಲ, ಇಚ್ಛೆ. ಪ್ರಮಾಣ ಅಂದರೆ ನಾವು ಆಗಲೇ ಅಳೆದದ್ದು. ಫಲ ಅಂದರೆ ಅದರಿಂದ ಬಂದದ್ದು. ಇಚ್ಛೆ ಅಂದರೆ ಮುಂದೆ ನಮಗೆ ಬೇಕಾದದ್ದು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸು. ನಿಮ್ಮ ಅಣ್ಣನ ಕಂಪ್ಯೂಟರ್ ಮುಂದಿನ ತಿಂಗಳ ಮಾರಾಟ ಹೇಳುವಾಗಲೂ ಎಷ್ಟೋ ಕಡೆ ಬುಡದಲ್ಲಿ ಇದನ್ನೇ ಮಾಡುತ್ತಿರುತ್ತದೆ.

ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಐದು ಸೇರು ಜೋಳಕ್ಕೆ ಇಷ್ಟು ದುಡ್ಡು ಅಂದರೆ ಹತ್ತು ಸೇರಿಗೆ ಅದರ ಎರಡರಷ್ಟು. ಅಲ್ಲಿ ಅನುಮಾನ ಇಲ್ಲ. ಕಾಳು ಹುಟ್ಟುವುದು, ಮಳೆ ಬೀಳುವುದು ಹಾಗಲ್ಲ. ಅಲ್ಲಿ ಪ್ರಮಾಣ ಚಿಕ್ಕದಿದ್ದರೆ ಫಲ ಅಲುಗಾಡುತ್ತದೆ. ಎಷ್ಟು ಸಲ ನೋಡಿದರೆ ಅಲುಗಾಟ ನಿಲ್ಲುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದವರು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೌಲಿ. ಅವರು ತೀರಿಹೋದದ್ದು 1705ರಲ್ಲಿ, ಪುಸ್ತಕ ಅಚ್ಚಾದದ್ದು 1713ರಲ್ಲಿ. ಒಂದು ಪಾತ್ರೆಯಲ್ಲಿ ಮೂರು ಪಾಲು ಬಿಳಿ ಹರಳು, ಎರಡು ಪಾಲು ಕರಿ ಹರಳು ಅಂದುಕೊಂಡರು. ಒಂದು ಹರಳು ತೆಗೆಯುವುದು, ನೋಡುವುದು, ಮತ್ತೆ ಒಳಗೆ ಹಾಕುವುದು. ಬಿಳಿಯ ಪ್ರಮಾಣ ಐವತ್ತಕ್ಕೆ 29ರಿಂದ 31ರ ಒಳಗೇ ಬರುತ್ತದೆ ಅಂತ ಸಾವಿರಕ್ಕೆ ಒಂದರಷ್ಟೂ ಅನುಮಾನ ಇಲ್ಲದೆ ಹೇಳಲು 25,550 ಸಲ ತೆಗೆಯಬೇಕು ಅಂತ ಅವರ ಲೆಕ್ಕ ಬಂತು. ಮುಂದೆ ಬಂದವರು ಇನ್ನೂ ಕಡಿಮೆ ಸಲ ಸಾಕು ಅಂತ ತೋರಿಸಿದರು. ಆದರೂ ಆ 25,550 ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅನುಮಾನವನ್ನೇ ಅಳೆಯಬಹುದು ಅಂತ ಒಬ್ಬ ಮನುಷ್ಯ ಕೂತು ಸಾಧಿಸಿದ್ದು ಅದು.

ಪ್ರಶ್ನೆ: ಅಕ್ಕಾ, ಬಸ್ ಸ್ಟ್ಯಾಂಡ್ ಹತ್ತಿರ ಖಾನಾವಳಿ ನಡೆಸುತ್ತೇನೆ. ವಾರದ ದಿನ 40 ಜನ ಬರುತ್ತಾರೆ, ಒಬ್ಬರಿಗೆ 3 ರೊಟ್ಟಿ ಹಿಡಿಯುತ್ತದೆ. ಭಾನುವಾರ 160 ಜನ, ಒಬ್ಬರಿಗೆ 2. ಮಗ ಎರಡನ್ನೂ ಸರಾಸರಿ ಮಾಡಿ ಎರಡೂವರೆ ಅಂದ. ಹೋದ ಭಾನುವಾರ 180 ಊಟಕ್ಕೆ ಮುಂಗಡ ಹೇಳಿದ್ದರು. 450 ರೊಟ್ಟಿ ಮಾಡಿಸಿದೆ. 90 ಉಳಿದವು. ಎಲ್ಲಿ ತಪ್ಪಿತು?
— ಖಾನಾವಳಿ ನಡೆಸುವ ತಂಗಿ, ಬೀದರ

ಉತ್ತರ: ತಂಗೀ, 90 ರೊಟ್ಟಿ ಅಂದರೆ ರೊಟ್ಟಿ ಬಡಿಯುವವರ ರಟ್ಟೆ ಎಷ್ಟು ನೊಂದಿರಬೇಕು! ಉಳಿದದ್ದನ್ನು ಹಂಚಿನ ಮೇಲೆ ಕಾಯಿಸಿ ಖಡಕ್ ಮಾಡಿರುತ್ತೀರಿ ಅಂದುಕೊಳ್ಳುತ್ತೇನೆ.

ಮಗ ಮಾಡಿದ ತಪ್ಪು ದೊಡ್ಡ ದೊಡ್ಡವರೂ ಮಾಡುವಂಥದ್ದು, ಅವನನ್ನು ಬೈಯಬೇಡಿ. ಅನುಪಾತಗಳನ್ನು ಕೂಡಿಸಿ ಎರಡರಿಂದ ಭಾಗಿಸಬಾರದು. ಮೊದಲು ರೊಟ್ಟಿಗಳನ್ನು ಕೂಡಿಸಿ. 40 ಜನಕ್ಕೆ 120, 160 ಜನಕ್ಕೆ 320, ಒಟ್ಟು 440. ಜನ 200. ಒಬ್ಬರಿಗೆ 2.2 ಬಂತು, ಎರಡೂವರೆ ಅಲ್ಲ. ನಲವತ್ತು ಜನರ ಮಾತಿಗೂ ನೂರರುವತ್ತು ಜನರ ಮಾತಿಗೂ ಒಂದೇ ತೂಕ ಕೊಟ್ಟದ್ದೇ ತಪ್ಪು.

ಆದರೆ ನಿಮಗೆ ಆ 2.2 ಕೂಡ ಬೇಡ. ವಾರದ ದಿನ ಬರುವವರು ಯಾರು? ಹಮಾಲರು, ಲಾರಿ ಓಡಿಸುವವರು, ಬೆಳಗ್ಗೆಯಿಂದ ದುಡಿದು ಹಸಿದವರು. ಭಾನುವಾರದವರು ಕೋಟೆ ನೋಡಿ, ಝೀರಾ ಗುರುದ್ವಾರಕ್ಕೆ ಹೋಗಿ ಮಕ್ಕಳುಮರಿ ಕಟ್ಟಿಕೊಂಡು ಬಂದ ಕುಟುಂಬದವರು. ಮಕ್ಕಳು ಅರ್ಧ ರೊಟ್ಟಿ ಬಿಟ್ಟು ಅನ್ನಕ್ಕೆ ಕೈ ಚಾಚುತ್ತವೆ. ಈ ಎರಡು ಗುಂಪನ್ನು ಬೆರೆಸಿದರೆ ಯಾರ ಹೊಟ್ಟೆಯ ಲೆಕ್ಕವೂ ಸಿಗುವುದಿಲ್ಲ. ಭಾನುವಾರಕ್ಕೆ ಭಾನುವಾರದ್ದೇ ಅನುಪಾತ. 180ಕ್ಕೆ 360.

ಬರೀ 360 ಮಾಡಿದರೆ ಒಂದೊಂದು ಭಾನುವಾರ ಸಾಲದೆ ಹೋಗುತ್ತದೆ. ಅದಕ್ಕೆ ಹೀಗೆ ಮಾಡಿ. ಹತ್ತು ಭಾನುವಾರ ಜನ ಎಷ್ಟು, ರೊಟ್ಟಿ ಎಷ್ಟು ಅಂತ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಹತ್ತು ಅನುಪಾತ ಸಿಗುತ್ತದೆ. 1.8 ಇರುತ್ತದೆ, 2.3 ಇರುತ್ತದೆ. ಎಲ್ಲಕ್ಕಿಂತ ದೊಡ್ಡದನ್ನು ಬಿಟ್ಟು ಅದರ ಕೆಳಗಿನದನ್ನು ಹಿಡಿಯಿರಿ. ಅದು 2.2 ಆಗಿದ್ದರೆ 180 ಜನಕ್ಕೆ 396. ಹತ್ತರಲ್ಲಿ ಒಂದೆರಡು ಭಾನುವಾರ ಸಾಲದೆ ಹೋಗಬಹುದು, ಆಗ ಹಿಟ್ಟು ಕಲಸಿಟ್ಟುಕೊಂಡಿದ್ದರೆ ಸಾಕು.

ಪ್ರಶ್ನೆ: ಅಕ್ಕೋರೆ, ನನ್ನ ನಾಲ್ಕು ಎಕರೆ ತೊಗರಿ ನೆಟೆ ರೋಗಕ್ಕೆ ಪೂರ್ತಿ ಒಣಗಿತು. ವಿಮೆ ಕಟ್ಟಿದ್ದೆ. ವಿಮಾ ಮೊತ್ತದ ಕಾಲು ಭಾಗ ಮಾತ್ರ ಬಂತು. ಇದು ಯಾವ ಲೆಕ್ಕ?
— ರೈತ, ಆಳಂದ ತಾಲ್ಲೂಕು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಣಗಿದ ತೊಗರಿಯ ನಡುವೆ ನಿಂತ ಮನುಷ್ಯನಿಗೆ ಸೂತ್ರ ಹೇಳುವುದು ಕಷ್ಟ. ಆದರೆ ಇದು ನಿಮ್ಮ ದುಡ್ಡಿನ ಲೆಕ್ಕ, ನಿಮಗೆ ಗೊತ್ತಿರಲೇಬೇಕು.

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರಿಂದ ಇದೆ. ಮುಂಗಾರು ಆಹಾರ ಬೆಳೆಗೆ ರೈತ ವಿಮಾ ಮೊತ್ತದ ನೂರಕ್ಕೆ 2 ಕಟ್ಟುತ್ತಾನೆ. ಪರಿಹಾರ ಮಾತ್ರ ಒಬ್ಬೊಬ್ಬರ ಹೊಲ ನೋಡಿ ಕೊಡುವುದಲ್ಲ. ಮುಖ್ಯ ಬೆಳೆಗೆ ಇಡೀ ಗ್ರಾಮ ಪಂಚಾಯಿತಿ ಒಂದೇ ಹೊಲ ಅಂತ ಲೆಕ್ಕ. ಪಂಚಾಯಿತಿಯಲ್ಲಿ ಕೆಲವು ಹೊಲ ಆರಿಸಿ, ಅಳತೆ ಹಾಕಿ, ಬೆಳೆ ಕಟಾವು ಪ್ರಯೋಗ ಮಾಡಿ ಆ ವರ್ಷದ ಇಳುವರಿ ತೆಗೆಯುತ್ತಾರೆ. ಅದನ್ನು ಹಿಂದಿನ ವರ್ಷಗಳ ಇಳುವರಿಯ ಜೊತೆ ಹೋಲಿಸುತ್ತಾರೆ.

ಹಿಂದಿನ ಏಳು ವರ್ಷದಲ್ಲಿ ಚೆನ್ನಾಗಿ ಬಂದ ಐದು ವರ್ಷದ ಸರಾಸರಿ ಹಿಡಿಯುತ್ತಾರೆ. ಅದನ್ನು ನಷ್ಟ ಭರ್ತಿಯ ಮಟ್ಟದಿಂದ ಗುಣಿಸುತ್ತಾರೆ. ಆ ಮಟ್ಟ ನೂರಕ್ಕೆ 70, 80 ಅಥವಾ 90 ಇರುತ್ತದೆ. ಬಂದದ್ದೇ ಖಾತರಿ ಇಳುವರಿ.

ಅಂಕಿ ಹಾಕಿ ತೋರಿಸುತ್ತೇನೆ. ಇವು ಲೆಕ್ಕ ಅರ್ಥವಾಗಲಿ ಅಂತ ನಾನೇ ಹಾಕಿದ ಅಂಕಿ, ನಿಮ್ಮ ಪಂಚಾಯಿತಿಯದ್ದಲ್ಲ. ಏಳು ವರ್ಷ ಹೆಕ್ಟೇರಿಗೆ 900, 400, 850, 700, 950, 300, 600 ಕೆಜಿ ಬಂದಿದೆ ಅನ್ನಿ. ಕೆಟ್ಟ ಎರಡು ವರ್ಷ, 300 ಮತ್ತು 400, ಬಿಡಿ. ಉಳಿದ ಐದರ ಮೊತ್ತ 4,000. ಸರಾಸರಿ 800. ಮಟ್ಟ ನೂರಕ್ಕೆ 80 ಆದರೆ ಖಾತರಿ 640 ಕೆಜಿ. ಈ ವರ್ಷ ಪಂಚಾಯಿತಿಯ ಇಳುವರಿ 480 ಬಂದರೆ 160 ಕಡಿಮೆ. 640ಕ್ಕೆ 160 ಅಂದರೆ ಕಾಲು ಭಾಗ. ವಿಮಾ ಮೊತ್ತ ಹೆಕ್ಟೇರಿಗೆ 40,000 ರೂಪಾಯಿ ಇದ್ದರೆ ಪರಿಹಾರ 10,000. ನಿಮಗೆ ಬಂದ ಕಾಲು ಭಾಗವೂ ಇಂಥ ಲೆಕ್ಕದಿಂದಲೇ ಬಂದಿರಬೇಕು. ಅದರಲ್ಲಿ ನಿಮ್ಮ ನಾಲ್ಕು ಎಕರೆ ಸೊನ್ನೆ ಅನ್ನುವುದು ಎಲ್ಲೂ ಕಾಣುವುದಿಲ್ಲ. ಪಕ್ಕದವರ ಹೊಲ ಚೆನ್ನಾಗಿದ್ದರೆ ಅದು ನಿಮ್ಮ ಸೊನ್ನೆಯನ್ನು ಮುಚ್ಚಿಬಿಡುತ್ತದೆ.

ಇದು ನ್ಯಾಯವೇ ಅಂದರೆ, ನನ್ನ ಮನಸ್ಸು ಒಪ್ಪುವುದಿಲ್ಲ. ನೆಟೆ ರೋಗ ಒಂದು ಹೊಲ ಸುಟ್ಟು ಪಕ್ಕದ ಹೊಲ ಬಿಡುವಂಥದ್ದು. ಅಂಥ ರೋಗಕ್ಕೆ ಊರ ಸರಾಸರಿಯ ಅನುಪಾತ ಹೊಂದುವುದಿಲ್ಲ. ಬರ ಬಂದರೆ ಊರಿಗೆಲ್ಲ ಒಂದೇ ಥರ ಬರುತ್ತದೆ, ಅಲ್ಲಿ ಹೊಂದುತ್ತದೆ. ಆಲಿಕಲ್ಲು ಮಳೆ ಬಿದ್ದರೆ, ಹೊಲಕ್ಕೆ ನೀರು ನುಗ್ಗಿ ನಿಂತರೆ ಒಬ್ಬೊಬ್ಬರ ಹೊಲ ನೋಡುವ ಅವಕಾಶ ಯೋಜನೆಯಲ್ಲೇ ಇದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಅದನ್ನು ಗೋಡೆಯ ಮೇಲೆ ಬರೆದಿಡಿ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಈ ವರ್ಷದ 480 ಮುಂದಿನ ವರ್ಷದ ಪಟ್ಟಿಗೆ ಸೇರಿ, ಎಲ್ಲಕ್ಕಿಂತ ಹಳೆಯ 900 ಹೊರಗೆ ಹೋಯಿತು ಅನ್ನಿ. ಆಗ ಒಳ್ಳೆಯ ಐದರ ಮೊತ್ತ 3,580. ಸರಾಸರಿ 716. ಖಾತರಿ ಸುಮಾರು 573ಕ್ಕೆ ಇಳಿಯುತ್ತದೆ. ಎರಡು ಕೆಟ್ಟ ವರ್ಷವನ್ನು ಈ ಸೂತ್ರ ತಡೆದುಕೊಳ್ಳುತ್ತದೆ. ಮೂರನೆಯದು ಬಂದರೆ ಖಾತರಿಯೇ ಕುಸಿಯತೊಡಗುತ್ತದೆ. ನಮ್ಮ ಕಡೆ ಸಾಲಾಗಿ ಕೆಟ್ಟ ವರ್ಷ ಬರುವುದು ಹೊಸದೇನಲ್ಲ, ಅಲ್ವಾ? ಕಟಾವು ಪ್ರಯೋಗದ ದಿನ ಹೊಲದ ಹತ್ತಿರ ನಾಲ್ಕು ಜನ ರೈತರು ಹೋಗಿ ನಿಂತು, ತೂಕ ನೋಡಿ, ಬರೆದುಕೊಂಡು ಬನ್ನಿ. ಮುಂದಿನ ಏಳು ವರ್ಷದ ಲೆಕ್ಕದಲ್ಲಿ ಆ ತೂಕ ಉಳಿಯುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ತೋರಿಸುವವರೊಬ್ಬರು ಇದ್ದಾರೆ. ಅವರು ಹೇಳಿದ 10ರಲ್ಲಿ 7 ಕಡೆ ನೀರು ಬಿದ್ದಿದೆ. ಸಾಲ ಮಾಡಿ ಕೊರೆಸಬಹುದಾ?
— ಯುವ ರೈತ, ಗುರುಮಠಕಲ್

ಉತ್ತರ: ತಮ್ಮಾ, ಸಾಲಕ್ಕೆ ಸಹಿ ಹಾಕುವ ಮೊದಲು ಒಂದು ಸಂಜೆ ಊರೊಳಗೆ ತಿರುಗಾಡಿ ಬಾ. ಅವರನ್ನು ಕೇಳದೆ ಕೊರೆಸಿದವರು ಎಷ್ಟು ಜನ, ಅದರಲ್ಲಿ ಎಷ್ಟು ಕಡೆ ನೀರು ಬಿತ್ತು ಅಂತ ಬರೆದುಕೋ. 20ರಲ್ಲಿ 14 ಕಡೆ ನೀರು ಬಿದ್ದಿದ್ದರೆ ಅದೂ 10ಕ್ಕೆ 7. ಆಗ ನೀರು ಕೊಟ್ಟದ್ದು ನಿಮ್ಮೂರ ನೆಲ, ತೆಂಗಿನಕಾಯಿ ಅಲ್ಲ. ಒಂದೇ ಅನುಪಾತ ಹಿಡಿದು ಏನೂ ಹೇಳಲು ಬರುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಇಟ್ಟು ನೋಡಬೇಕು.

ಆ ಹತ್ತನ್ನು ಎಣಿಸಿದವರು ಯಾರು ಅಂತಲೂ ಕೇಳು. ನೀರು ಬಿದ್ದಾಗ ಊರಿಗೆಲ್ಲ ಪೇಡೆ ಹಂಚುತ್ತಾರೆ. ಬೀಳದಿದ್ದಾಗ ಯಾರಿಗೂ ಹೇಳದೆ ಗುಂಡಿ ಮುಚ್ಚುತ್ತಾರೆ. ನನ್ನ ತಮ್ಮನ ಹೊಲದಲ್ಲಿ ಎರಡು ಒಣ ಬೋರ್ ಇವೆ. ಅವನು ಅದರ ಮಾತನ್ನು ನನ್ನ ಹತ್ತಿರವೇ ಎರಡು ವರ್ಷ ಎತ್ತಿರಲಿಲ್ಲ. ಇನ್ನು "ನೀರು ಬಿತ್ತು" ಅಂದರೆ ಏನು? ಕೊರೆದ ದಿನ ಚಿಮ್ಮಿದ್ದಾ, ಏಪ್ರಿಲ್‌ನಲ್ಲೂ ಬರುತ್ತಿರುವುದಾ? ಏಪ್ರಿಲ್ ಲೆಕ್ಕ ತೆಗೆದರೆ ಆ ಏಳು ಎಷ್ಟಕ್ಕೆ ಇಳಿಯುತ್ತದೆ ನೋಡು.

ಒಂದು ಬೋರ್ ವಿಫಲವಾಗುವುದು 10ಕ್ಕೆ 3, ಎರಡೂ ವಿಫಲವಾಗುವುದು 100ಕ್ಕೆ 9 ಮಾತ್ರ ಅಂತ ಯಾರಾದರೂ ಗುಣಿಸಿ ಧೈರ್ಯ ಹೇಳಿದರೆ ನಂಬಬೇಡ. ಹಾಗೆ ಗುಣಿಸಬೇಕಾದರೆ ಎರಡಕ್ಕೂ ಒಂದಕ್ಕೊಂದು ಸಂಬಂಧ ಇರಬಾರದು. ನಿಮ್ಮ ಕಡೆಯದು ಗಟ್ಟಿ ಬಂಡೆಯ ನೆಲ, ನೀರು ಇರುವುದು ಬಂಡೆಯ ಬಿರುಕಿನಲ್ಲಿ. ಒಂದು ಹೊಲದಲ್ಲಿ ಮೊದಲನೆಯದು ಒಣಗಿದ್ದರೆ ಎರಡನೆಯದೂ ಒಣಗುವ ಸಂಭವ ಜಾಸ್ತಿ, ಕೆಳಗಿನ ಬಂಡೆ ಅದೇ ತಾನೆ! ಭೂವಿಜ್ಞಾನಿಗಳು ನೆಲಕ್ಕೆ ವಿದ್ಯುತ್ ಹರಿಸಿ ಬಂಡೆಯ ಪದರ ಅಳೆಯುತ್ತಾರೆ. ಅದಕ್ಕೆ ಕೊಡುವ ದುಡ್ಡು ಒಂದು ಒಣ ಬೋರಿಗಿಂತ ತುಂಬಾ ಕಡಿಮೆ. ಮೊದಲು ಅದನ್ನು ಮಾಡಿಸು.

ಪ್ರಶ್ನೆ: ಅಕ್ಕೋರೆ, ನನಗೆ ಮೂರು ಹೆಣ್ಣುಮಕ್ಕಳು. ಸಾಲಾಗಿ ಮೂರು ಹೆಣ್ಣಾದವು, ಲೆಕ್ಕದ ಪ್ರಕಾರ ನಾಲ್ಕನೆಯದು ಗಂಡೇ ಆಗಬೇಕು, ಇನ್ನೊಂದು ಆಗಲಿ ಅಂತ ಅತ್ತೆ ಹೇಳುತ್ತಾರೆ. ನನ್ನ ಮೈ ಸೋತಿದೆ. ಅವರಿಗೆ ಹೇಗೆ ಹೇಳಲಿ?
— ಕಲಬುರಗಿ

ಉತ್ತರ: ಈ ಉತ್ತರವನ್ನು ಅತ್ತೆಯವರಿಗೇ ಓದಿ ಹೇಳು ತಾಯಿ. ಅವರಿಗೇ ಬರೆಯುತ್ತೇನೆ.

ಅಮ್ಮಾ, ಶರಣು. ಲೆಕ್ಕದ ಹೆಸರು ತೆಗೆದಿರಿ ಅಂತ ನಾನು ನಡುವೆ ಬಂದೆ. ಹುಟ್ಟುವ ಕೂಸುಗಳಲ್ಲಿ ನೂರು ಹೆಣ್ಣಿಗೆ ಸುಮಾರು 105 ಗಂಡು. ಪ್ರಪಂಚದಲ್ಲಿ ಬಹುತೇಕ ಕಡೆ ಹೆಚ್ಚುಕಡಿಮೆ ಹೀಗೇ. ಅಂದರೆ ಗಂಡಾಗುವ ಸಂಭವ ನೂರಕ್ಕೆ 51, ಹೆಣ್ಣಾಗುವುದು 49. ಮೂರು ಮಕ್ಕಳಿರುವ ಮನೆಗಳಲ್ಲಿ ಎಂಟೊಂಬತ್ತಕ್ಕೆ ಸುಮಾರು ಒಂದು ಮನೆಯಲ್ಲಿ ಮೂರೂ ಹೆಣ್ಣೇ ಇರುತ್ತವೆ. ನಿಮ್ಮ ಓಣಿಯಲ್ಲೇ ಎಣಿಸಿ ನೋಡಿ. ಇದರಲ್ಲಿ ಯಾರ ದೋಷವೂ ಇಲ್ಲ. ದೋಷ ಅಂತ ಹುಡುಕಿದರೂ ಅದು ಸೊಸೆಯ ಕಡೆ ಹೋಗುವುದಿಲ್ಲ, ಗಂಡೋ ಹೆಣ್ಣೋ ಅನ್ನುವುದು ತಂದೆಯ ಬೀಜದಿಂದ ನಿಶ್ಚಯವಾಗುತ್ತದೆ.

ಹೊಟ್ಟೆಯಲ್ಲಿರುವ ಕೂಸಿಗೆ ತನ್ನ ಮುಂಚೆ ಯಾರು ಹುಟ್ಟಿದ್ದಾರೆ ಅನ್ನುವುದು ಗೊತ್ತಿರುವುದಿಲ್ಲ. ಲೆಕ್ಕ ಸರಿದೂಗಿಸುವ ಕೆಲಸ ಅದಕ್ಕಿಲ್ಲ. ಮೂರು ಹೆಣ್ಣಾದ ಮೇಲೂ ನಾಲ್ಕನೆಯದಕ್ಕೆ ಅದೇ 51, ಅದೇ 49. ಸಾವಿರಾರು ಹೆರಿಗೆ ಸೇರಿಸಿ ನೋಡಿದಾಗ ಗಂಡು ಹೆಣ್ಣು ಹೆಚ್ಚುಕಡಿಮೆ ಸಮವಾಗಿ ಕಾಣುವುದು ನಿಜ. ಅದು ಊರಿನ ಲೆಕ್ಕ. ಒಂದು ಮನೆಯ ನಾಲ್ಕು ತೊಟ್ಟಿಲಿಗೆ ಅದು ಯಾವ ಮಾತನ್ನೂ ಕೊಟ್ಟಿಲ್ಲ. ನಿಮ್ಮ ಸೊಸೆಯ ಆರೋಗ್ಯವನ್ನು ನಾಣ್ಯ ಚಿಮ್ಮಿದ ಹಾಗೆ ಪಣಕ್ಕೆ ಇಡಬೇಡಿ. ಅವಳು ಸೋತಿದ್ದೇನೆ ಅಂತ ಬರೆದಿದ್ದಾಳೆ.

ನಾನು ನಾಲ್ಕು ಹೆಣ್ಣುಮಕ್ಕಳಲ್ಲಿ ಮೂರನೆಯವಳು. ತಮ್ಮ ಐದನೆಯವನು. ನಾಲ್ಕನೆಯವಳು ಹುಟ್ಟಿದ ದಿನ ಓಣಿಯವರು ಮುಖ ಸಣ್ಣ ಮಾಡಿದ್ದರಂತೆ. ನಮ್ಮ ತಂದೆ ಕಟ್ಟೆಯ ಮೇಲೆ ಕೂತು, "ನನ್ನ ಮನಿಗೆ ಹದಿನಾರಾಣೆ ಬೆಳಿ" ಅಂದಿದ್ದರಂತೆ. ಅವ್ವ ಇದನ್ನು ನಮಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ಮಗಳೇ, ಪತ್ರದಲ್ಲಿ ಮೂರು ಹೆಣ್ಣು ಅಂತ ಮಾತ್ರ ಬರೆದಿದ್ದೀಯ. ಮೂವರಲ್ಲಿ ಯಾರು ಯಾವ ತರಗತಿ, ಯಾರಿಗೆ ಲೆಕ್ಕ ಇಷ್ಟ, ಮುಂದಿನ ಪತ್ರದಲ್ಲಿ ಬರೆದು ಕಳಿಸು.